ಭಾವ ಕಳಿಸಿದ ತೇಪೆ

ನಮ್ಮ ಭಾವನದು ಲಿಫ್ಟ್ ರಿಪೇರಿಯ ಕೆಲಸ. ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ಯಾವ ಆಸ್ಪತ್ರೆಯ ಲಿಫ್ಟ್ ಮೂರನೇ ಮಹಡಿಯಲ್ಲಿ ಒಂದು ಅಂಗುಲ ಕೆಳಗೆ ನಿಲ್ಲುತ್ತದೆ, ಯಾವ ಬ್ಯಾಂಕಿನ ಲಿಫ್ಟಿಗೆ ಸೋಮವಾರ ಬೆಳಿಗ್ಗೆ ಬಾಗಿಲು ಮುಚ್ಚಲು ಮನಸ್ಸಿರುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಮೊದಮೊದಲು ಗ್ರೀಸು, ಹಗ್ಗ, ಚಕ್ರಗಳ ಕೆಲಸವಾಗಿತ್ತು. ಆಮೇಲೆ ಲಿಫ್ಟುಗಳ ತಲೆಯೊಳಗೆ ಚಿಪ್‌ಗಳು ಬಂದು ಕೂತವು. ಆ ಚಿಪ್‌ಗಳಿಗೆ ಏನು ಹೇಳಬೇಕಾದರೂ ಸಿ ಅನ್ನುವ ಕಂಪ್ಯೂಟರ್ ಭಾಷೆಯಲ್ಲೇ ಹೇಳಬೇಕು. ನಲವತ್ತು ದಾಟಿದ ಮೇಲೆ ಭಾವ ಹಳೇ ಪುಸ್ತಕದಂಗಡಿಯಿಂದ ಮುಖಪುಟ ಹರಿದ ಒಂದು ಪುಸ್ತಕ ತಂದು, ಊಟದ ಮೇಜಿನ ಮೇಲೆ ಹರಡಿಕೊಂಡು, ಆ ಭಾಷೆ ಕಲಿತರು.

ನಾನು ಅವರ ಹೆಂಡತಿಯ ತಂಗಿ. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಮದುವೆ ಆಗಲಿಲ್ಲ, ಅಕ್ಕನ ಮನೆಯ ಮಹಡಿ ಕೋಣೆಯಲ್ಲೇ ಇದ್ದೇನೆ. ಮಾತಿನ ನಡುವೆ ಯಾರಾದರೂ ಒಂದು ಪದ ತಪ್ಪು ಹೇಳಿದರೂ ತಡೆದು ತಿದ್ದುವ ಕೆಟ್ಟ ಚಾಳಿ ನನಗೆ. ಅದಕ್ಕೇ ಭಾವ ನನಗೆ ಅಲ್ಪವಿರಾಮ ಅಂತ ಹೆಸರಿಟ್ಟಿದ್ದರು. ಸಿ ಭಾಷೆಯಲ್ಲಿ ಒಂದೊಂದು ವಾಕ್ಯ ಮುಗಿದಾಗಲೂ ಅರ್ಧವಿರಾಮ ಹಾಕಬೇಕು, ಒಂದು ಬಿಟ್ಟುಹೋದರೂ ಇಡೀ ಬರಹ ಮುಷ್ಕರ ಹೂಡುತ್ತದೆ ಅಂತ ಅವರು ಹೇಳಿದ ದಿನ ನನಗೆ ಆ ಭಾಷೆಯ ಮೇಲೆ ಗೌರವ ಹುಟ್ಟಿತು.

ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ರಕ್ತದ ಕಣಗಳನ್ನು ಎಣಿಸುವುದು. ಒಂದು ಕಣ ಕಂಡರೆ ಬಲಗೈಯಿಂದ ಎಣಿಕೆಯ ಗುಂಡಿ ಒಂದು ಸಲ ಒತ್ತುವುದು. ದಿನಕ್ಕೆ ಸಾವಿರಾರು ಸಲ. ಮಾತು ಕಮ್ಮಿ ಅವಳದು, ಹುಟ್ಟಿದಾಗಿನಿಂದಲೂ ಹಾಗೇ. ಮನೆಯಲ್ಲಿ ಮಾತೆಲ್ಲ ಭಾವನದು ಮತ್ತು ನನ್ನದು. ನಾವಿಬ್ಬರೂ ಅರ್ಧ ಗಂಟೆ ಜಗಳಾಡಿ ಸುಸ್ತಾದ ಮೇಲೆ ಅವಳು ಒಂದು ಮಾತು ಹೇಳುತ್ತಿದ್ದಳು, ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ನಲವತ್ತೊಂಬತ್ತನೇ ವಯಸ್ಸಿಗೆ ಅಕ್ಕನ ಕೈಯಿಂದ ಗಾಜಿನ ಪಟ್ಟಿಗಳು ಜಾರತೊಡಗಿದವು. ಆಮೇಲೆ ಮೆಟ್ಟಿಲಲ್ಲಿ ಎಡವಿದಳು. ಆಮೇಲೆ ನಾಲಿಗೆ ತೊದಲಿತು. ಮೈಯ ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಒಣಗಿಹೋಗುವ ಕಾಯಿಲೆ ಅಂತ ಡಾಕ್ಟರು ಹೇಳಿದರು, ಮದ್ದಿಲ್ಲ ಅಂತಲೂ ಹೇಳಿದರು. ಎರಡು ವರ್ಷಕ್ಕೆ ಅಕ್ಕ ಹಾಸಿಗೆ ಹಿಡಿದಳು. ಗಂಟಲು ಪೂರ್ತಿ ಕೈಕೊಟ್ಟಿತು. ಕಣ್ಣು ಆಡುತ್ತಿತ್ತು, ಬಲಗೈ ತೋರುಬೆರಳು ಒಂದಿಷ್ಟು ಆಡುತ್ತಿತ್ತು. ತಲೆ ಮಾತ್ರ ಮೊದಲಿನಷ್ಟೇ ಚುರುಕು.

ಆಗ ಭಾವ ಒಂದು ಪ್ರೋಗ್ರಾಂ ಹುಡುಕಿ ತಂದರು. ಬೇರೆ ಬೇರೆ ದೇಶದ ಜನ ಸೇರಿ ಪುಕ್ಕಟೆಯಾಗಿ ಬರೆದದ್ದು; ಅದರ ಒಳಗಿನ ಬರಹವೆಲ್ಲ ಬಹಿರಂಗ, ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಪರದೆಯ ಮೇಲೆ ಅಕ್ಷರಗಳ ಸಾಲುಗಳು ಒಂದಾದ ಮೇಲೊಂದು ಬೆಳಗುತ್ತವೆ. ಬೇಕಾದ ಸಾಲು ಬಂದಾಗ ಬೆರಳಡಿಯ ಸ್ವಿಚ್ ಒತ್ತಬೇಕು. ಆಮೇಲೆ ಆ ಸಾಲಿನ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ, ಬೇಕಾದ್ದು ಬಂದಾಗ ಮತ್ತೆ ಒತ್ತಬೇಕು. ಒಂದು ಮೂಲೆಯಲ್ಲಿ ಗಂಟೆಯ ಚಿತ್ರವಿತ್ತು. ಅದನ್ನು ಆರಿಸಿದರೆ ಮನೆಯೆಲ್ಲ ಕೇಳುವಂತೆ ಗಂಟೆ ಬಾರಿಸುತ್ತಿತ್ತು. ನಮ್ಮ ಅಕ್ಷರಗಳನ್ನು ಭಾವನೇ ಅದರೊಳಗೆ ಕೂರಿಸಿದರು. ಸ್ವಿಚ್ಚು ಹಳೇ ಲಿಫ್ಟಿನದು, ನೆಲಮಹಡಿಯ ಗುಂಡಿ.

ಒತ್ತಕ್ಷರಕ್ಕೆ ನಾಲ್ಕು ಸಲ ಹೆಚ್ಚು ಒತ್ತಬೇಕಿತ್ತು. ಅಕ್ಕ ಒತ್ತು ಕೊಡುವುದನ್ನೇ ಬಿಟ್ಟಳು. ಅಕ್ಕ ಹೋಗಿ ಅಕ ಆದಳು, ಅಮ್ಮ ಅಮ ಆದಳು. "ಹಾಲು ಬೇಡ. ಸಾಕು. ಫಾನ್ ನಿಲಿಸು" ಅಂತ ಬರೆದಳು. ನಾನು ಅದನ್ನು ಓದಿಕೊಂಡು ಫ್ಯಾನ್ ನಿಲ್ಲಿಸಿದೆ. ಹುಟ್ಟಿ ಬುದ್ಧಿ ಬಂದ ಮೇಲೆ ಮೊದಲ ಸಲ ಒಂದು ಕಾಗುಣಿತ ತಿದ್ದದೆ ಬಿಟ್ಟೆ.

ಕೆಲವು ತಿಂಗಳಿಗೆ ಬೆರಳು ನಡುಗತೊಡಗಿತು. ಅವಳು ಒಂದು ಸಲ ಒತ್ತಿದರೆ ಸ್ವಿಚ್ಚಿಗೆ ಮೂರು ಸಲ ಒತ್ತಿದಂತಾಗಿ, ಬೇಡದ ಅಕ್ಷರ ಬಂದು ಕೂರುತ್ತಿತ್ತು. ಅಳಿಸುವುದೇ ದಿನದ ಕೆಲಸವಾಯಿತು. ಭಾವ ಪಕ್ಕದಲ್ಲಿ ಕೂತು ಒಂದು ಮಧ್ಯಾಹ್ನ ನೋಡಿದರು.

"ಇದು ನಮ್ಮ ಲಿಫ್ಟಿನ ಕಾಯಿಲೆನೇ ಕಣೇ," ಅಂದರು ಅಕ್ಕನಿಗೆ. "ಅವಸರದ ಗಿರಾಕಿಗಳು ಗುಂಡೀನ ಟಕಟಕ ಅಂತ ಹತ್ತು ಸಲ ಕುಟ್ತಾರೆ. ನಾವು ಮೊದಲನೇದನ್ನ ತಗೊಂಡು ಮಿಕ್ಕಿದ್ದಕ್ಕೆ ಸ್ವಲ್ಪ ಹೊತ್ತು ಕಿವುಡಾಗ್ತೀವಿ. ಇದಕ್ಕೂ ಹಾಗೇ ಒಂದು ತೇಪೆ ಹಾಕಿದ್ರೆ ಆಯ್ತು."

ಎರಡು ದಿನದಲ್ಲಿ ತೇಪೆ ಹಾಕಿದರು. ಒಂದು ಸಲ ಒತ್ತಿದ ಮೇಲೆ ನಾನೂರು ಮಿಲಿಸೆಕೆಂಡು, ಅಂದರೆ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು, ಮತ್ತೆ ಒತ್ತಿದ್ದು ಲೆಕ್ಕಕ್ಕಿಲ್ಲ. ಅಕ್ಕನ ಬರಹ ಸಲೀಸಾಯಿತು. "ಜಾಣ" ಅಂತ ಬರೆದಳು. ಭಾವ ಆ ದಿನ ಕೆಲಸಕ್ಕೆ ಹೋಗುವಾಗ ಶಿಳ್ಳೆ ಹಾಕುತ್ತಾ ಹೋದರು.

ಬೇರೆಯವರಿಗೂ ಉಪಯೋಗವಾಗಲಿ ಅಂತ ಆ ಪ್ರೋಗ್ರಾಂ ನೋಡಿಕೊಳ್ಳುವವರಿಗೆ ಅದನ್ನು ಕಳಿಸೋಣ ಅಂದವಳು ನಾನೇ. ಭಾವನ ಇಂಗ್ಲಿಷು ಲಿಫ್ಟಿನ ಬೋರ್ಡುಗಳ ಮೇಲಿನಷ್ಟು. ಅವರು ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಇಂಥವು ಬಂದಾಗ ಅಲ್ಲಿಯ ಹಿರಿಯರೊಬ್ಬರು ಸಾಲು ಸಾಲಾಗಿ ಓದಿ, ತಪ್ಪು ತೋರಿಸಿ, ಪ್ರಶ್ನೆ ಕೇಳಿ ಬರೆಯುತ್ತಾರೆ. ಎಲ್ಲಕ್ಕೂ ಸರಿಯಾದ ಉತ್ತರ ಸಿಕ್ಕಿದ ಮೇಲೇ ಒಳಗೆ ಸೇರಿಸುತ್ತಾರೆ. ನಮ್ಮ ಕರಡು ತಿದ್ದುವ ಕೆಲಸವೇ. ಎಂಟು ದಿನಕ್ಕೆ ಉತ್ತರ ಬಂತು. ಅವರು ಗಂಡಸೋ ಹೆಂಗಸೋ, ಯಾವ ದೇಶದವರೋ, ಕೊನೆಯವರೆಗೂ ನಮಗೆ ಗೊತ್ತಾಗಲಿಲ್ಲ. ಅಕ್ಕ ಅವರಿಗೆ "ಗುರು" ಅಂತ ಹೆಸರಿಟ್ಟಳು. ಒತ್ತಿಲ್ಲದ ಹೆಸರು.

ಗುರುವಿನ ಪತ್ರದಲ್ಲಿ ನಮಸ್ಕಾರವೂ ಇರಲಿಲ್ಲ. ನಲವತ್ತು ಸಾಲಿನ ತೇಪೆಗೆ ಹನ್ನೊಂದು ಆಕ್ಷೇಪ. ನಾನೂರು ಅನ್ನುವ ಅಂಕಿ ಎಲ್ಲಿಂದ ಬಂತು? ಎಲ್ಲರಿಗೂ ಅದೇ ಹೊಂದುತ್ತದೆಯೇ? ಬಳಸುವವರು ತಾವೇ ಬದಲಾಯಿಸುವಂತೆ ಮಾಡಿ. ಕಂಪ್ಯೂಟರಿನಿಂದ ನೆನಪಿನ ಜಾಗ ಕೇಳಿದ್ದೀರಿ, ಕೊಟ್ಟಿತೇ ಇಲ್ಲವೇ ನೋಡಿಲ್ಲ. ಕೊಡದಿದ್ದರೆ ಏನು ಗತಿ? ಐದನೆಯದು ಹೀಗಿತ್ತು: ಹೊತ್ತು ಅಳೆಯಲು ನೀವು ಗೋಡೆ ಗಡಿಯಾರದಂಥ ಗಡಿಯಾರ ಬಳಸಿದ್ದೀರಿ. ಯಾರಾದರೂ ಅದನ್ನು ಹಿಂದಕ್ಕೆ ತಿರುಗಿಸಿದರೆ ಸ್ವಿಚ್ಚು ಸತ್ತುಹೋಗುತ್ತದೆ. ಯಾವತ್ತೂ ಹಿಂದಕ್ಕೆ ಹೋಗದ ಇನ್ನೊಂದು ಗಡಿಯಾರ ಕಂಪ್ಯೂಟರಿನೊಳಗೇ ಇದೆ, ಅದನ್ನು ಬಳಸಿ.

ನಾನು ಓದಿ ಹೇಳುತ್ತಾ ಹೋದಂತೆ ಭಾವ ಬೆರಳು ಮಡಚಿ ಎಣಿಸಿದರು, ಮುಖ ಕೆಂಪಾಯಿತು. "ಹನ್ನೊಂದು. ಮೂವತ್ತು ವರ್ಷ ಜನರನ್ನ ಮೇಲಕ್ಕೆ ಕೆಳಕ್ಕೆ ಹೊತ್ತಿದೀನಿ, ಒಬ್ಬರ ಉಗುರೂ ಮುರಿದಿಲ್ಲ. ಇವರು ಯಾರು ನನಗೆ ಪಾಠ ಹೇಳೋಕೆ?"

"ಭಾವ, ಇವರು ಬೈದಿಲ್ಲ. ತೋರಿಸಿದಾರೆ ಅಷ್ಟೆ," ಅಂದೆ.

"ತಪ್ಪು ಹುಡುಕೋ ನಿಮ್ಮ ಜಾತಿಯವರು ತಾನೇ, ನಿನಗೆ ಹಾಗೇ ಕಾಣುತ್ತೆ."

ಕೆಲವನ್ನು ಗೊಣಗುತ್ತಾ ಸರಿಮಾಡಿದರು. ಐದನೆಯದನ್ನು ಮುಟ್ಟಲಿಲ್ಲ. "ಬರಿ," ಅಂದರು ನನಗೆ. "ಇದು ಹಾಸಿಗೆ ಪಕ್ಕದ ಕಂಪ್ಯೂಟರು. ಇದರ ಗಡಿಯಾರ ತಿದ್ದೋಕೆ ಯಾರಿಗೆ ಪುರುಸೊತ್ತಿದೆ ಅಂತ ಕೇಳು." ನಾನು ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಗುರುವಿನಿಂದ ಒಂದೇ ಸಾಲು ಬಂತು: "ಯಾರೋ ಒಬ್ಬರು ತಿದ್ದುತ್ತಾರೆ." ಭಾವ ಮುಖ ಊದಿಸಿಕೊಂಡರು. ಎರಡು ವಾರ ಉತ್ತರ ಬರೆಯಲಿಲ್ಲ.

ಆ ಎರಡು ವಾರದಲ್ಲಿ ಒಂದು ದಿನ ಕಂಪ್ಯೂಟರು ಕೆಟ್ಟಿತು. ಭಾವ ಬಿಚ್ಚಿ, ಒಳಗಿನ ಬಟನ್ ಸೆಲ್ ಬದಲಾಯಿಸಿ, ಸಮಯ ಹೊಂದಿಸಿ ಮತ್ತೆ ಶುರುಮಾಡಿದರು. ಗಡಿಬಿಡಿಯಲ್ಲಿ ಎರಡು ಗಂಟೆ ಮುಂದಿಟ್ಟಿದ್ದರು. ಮರುದಿನ ಬೆಳಿಗ್ಗೆ ಅವರು ಒಂದು ಹೋಟೆಲಿನ ಲಿಫ್ಟಿಗೆ ಅಂತ ಬೇಗ ಹೊರಟುಹೋಗಿದ್ದರು. ಅಕ್ಕನನ್ನು ನೋಡಿಕೊಳ್ಳಲು ಬರುತ್ತಿದ್ದ ಆಯಾ ಅವಳ ಮೈ ಒರೆಸಿ, ತಲೆ ಬಾಚಿ, ಮಲಗಿಸಿದ್ದಳು. ನಾನು ಕೆಲಸಕ್ಕೆ ಹೊರಡುವ ಮುಂಚೆ ಅಕ್ಕನ ಬಳಿ ಹೋದೆ. "ಹೋಗಿ ಬಾ" ಅಂತ ಬರೆದಳು. ಪರದೆಯ ಮೂಲೆಯಲ್ಲಿ ಹತ್ತೂ ಇಪ್ಪತ್ತು ಅಂತಿತ್ತು, ಗೋಡೆಯ ಮೇಲೆ ಎಂಟೂ ಇಪ್ಪತ್ತು. ತಪ್ಪು ಕಂಡ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಗಡಿಯಾರವನ್ನು ಎರಡು ಗಂಟೆ ಹಿಂದಕ್ಕೆ ತಿರುಗಿಸಿ, ಸರಿಯಾಯಿತು ಅಂದುಕೊಂಡು ಹೊರಟೆ.

ಅಕ್ಕ ಕೊನೆಯ ಸಲ ಒತ್ತಿದ್ದು ಹತ್ತೂ ಇಪ್ಪತ್ತಕ್ಕೆ ಅಂತ ಪ್ರೋಗ್ರಾಂ ಬರೆದಿಟ್ಟುಕೊಂಡಿತ್ತು. ಈಗ ನೋಡಿದರೆ ಎಂಟೂ ಇಪ್ಪತ್ತು. ಭಾವನ ತೇಪೆಯ ಪ್ರಕಾರ, ನಿಜವಾಗಿ ಹತ್ತೂ ಇಪ್ಪತ್ತು ಆಗುವ ತನಕ ಅವಳು ಏನು ಒತ್ತಿದರೂ ಅದು ನಡುಕ, ಲೆಕ್ಕಕ್ಕಿಲ್ಲ.

ಕಿಟಕಿಯ ಪರದೆ ಸರಿದಿತ್ತು. ಒಂಬತ್ತರ ಬಿಸಿಲು ನೇರ ಅವಳ ಮುಖಕ್ಕೆ ಬಿತ್ತು. ಕತ್ತು ಹೊರಳಿಸಲು ಆಗುವುದಿಲ್ಲ. ರೆಪ್ಪೆಗಳೂ ಆಗಲೇ ಪೂರ್ತಿ ಮುಚ್ಚುತ್ತಿರಲಿಲ್ಲ. ಆಯಾ ಹಿಂದಿನ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗಂಟೆ ಬಾರಿಸಲಿಲ್ಲವಲ್ಲ, ಅಮ್ಮ ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಳು. ಅವಳ ತಪ್ಪೇನೂ ಇಲ್ಲ. ಹತ್ತೂ ಇಪ್ಪತ್ತರ ಮೇಲೆ ಗಂಟೆ ಬಾರಿಸಿತು. ಆಯಾ ಓಡಿಬಂದಾಗ ಅಕ್ಕನ ಕೆನ್ನೆ ಕೆಂಪಾಗಿ, ಕಣ್ಣೀರು ಕಿವಿಯವರೆಗೆ ಹರಿದು ಒಣಗಿತ್ತು. ಕಣ್ಣು ಒಂದು ವಾರ ಕೆಂಡದಂತಿತ್ತು.

ಸಂಜೆ ಭಾವ ಪ್ರೋಗ್ರಾಂ ಇಟ್ಟುಕೊಳ್ಳುವ ದಿನಚರಿ ತೆಗೆದರು. ಯಾವಾಗ ಒತ್ತಿದರು, ಅದನ್ನು ತಾನು ಏನು ಮಾಡಿತು ಅಂತ ಅದರಲ್ಲಿ ಸಾಲು ಸಾಲಾಗಿ ದಾಖಲಾಗುತ್ತದೆ. ನಾನು ಹಿಂದೆ ನಿಂತಿದ್ದೆ. ಒತ್ತಲಾಗಿದೆ, ಲೆಕ್ಕಕ್ಕಿಲ್ಲ. ಒತ್ತಲಾಗಿದೆ, ಲೆಕ್ಕಕ್ಕಿಲ್ಲ. ಪುಟದ ಮೇಲೆ ಪುಟ ಅದೇ ಸಾಲು. ಮುನ್ನೂರ ನಲವತ್ತು ಸಲ ಒತ್ತಿದ್ದಳು. ಮೊದಲು ಸಾಲುಗಳು ಒತ್ತೊತ್ತಾಗಿದ್ದವು. ನಡುವೆ ಹದಿನೈದು ನಿಮಿಷ ಏನೂ ಇರಲಿಲ್ಲ. ಆಮೇಲೆ ಮತ್ತೆ ಶುರುವಾಗಿತ್ತು.

"ಯಾರು ತಿದ್ದಿದ್ದು ಗಡಿಯಾರಾನ?" ಅಂತ ಕೇಳಿದರು ಭಾವ, ತಿರುಗಿ ನೋಡದೆ.

"ನಾನು."

ಅವರು ಕೊನೆಯ ಸಾಲಿನವರೆಗೂ ಓದಿ, "ನೀನು ಸರಿಯಾದ್ದನ್ನೇ ಮಾಡಿದೀಯ. ತಪ್ಪು ನಂದು. ಅವರು ಬಾಯಿಬಿಟ್ಟು ಹೇಳಿದ್ರು," ಅಂದರು.

ಅಕ್ಕನ ಎದುರಿಗೆ ಹೋಗಿ ಕೂತರು. ಅಕ್ಕನೇ ಮೊದಲು ಬರೆದಳು. ಒಂದೊಂದೇ ಅಕ್ಷರ ಬಂತು. "ಗುರು ಹೇಳಿದ ಹಾಗೆ ಕೇಳಿ." ಆಮೇಲೆ ಇನ್ನೊಂದು ಸಾಲು: "ಊಟ ಮಾಡಿ."

ಮರುದಿನ ಭಾವ ಗುರುವಿಗೆ ಉತ್ತರ ಬರೆಸಿದರು. ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಬಿಸಿಲು, ಮುನ್ನೂರ ನಲವತ್ತು, ಎಲ್ಲ. "ಐದನೇ ಆಕ್ಷೇಪ ಸರಿ. ನಾನು ಸೊಕ್ಕಿನಿಂದ ಉತ್ತರ ಕೊಟ್ಟೆ. ಹೊಸದಾಗಿ ಬರೆದು ಕಳಿಸಿದ್ದೇನೆ." ನಾನು ಆ ಸೊಕ್ಕು ಅನ್ನುವುದನ್ನು ತೆಗೆಯೋಣ ಅಂದೆ. "ಇರಲಿ, ಅದೇ ಪದ ಹಾಕು," ಅಂದರು.

ಈ ಸಲ ಗುರು ಒಂದೇ ದಿನದಲ್ಲಿ ಬರೆದರು. "ಓದಿ ತುಂಬಾ ಸಂಕಟವಾಯಿತು. ಅವರ ಕಣ್ಣು ಈಗ ಹೇಗಿದೆ? ಈ ಪ್ರೋಗ್ರಾಂ ನಿಂತುಹೋದರೆ ಇನ್ನೊಬ್ಬರನ್ನು ಕೂಗಿ ಕರೆಯಲಾಗದವರೇ ಇದನ್ನು ಬಳಸುವುದು. ಅದಕ್ಕೇ ನಾನು ಇಷ್ಟು ಕಾಡುತ್ತೇನೆ." ಅದರ ಕೆಳಗೆ ಮತ್ತೆ ಆರು ಆಕ್ಷೇಪ. ಭಾವ ಈ ಸಲ ಬೆರಳು ಮಡಚಿ ಎಣಿಸಲಿಲ್ಲ. ಬಿಳಿ ಹಾಳೆಯಲ್ಲಿ ಆರನ್ನೂ ಬರೆಸಿಕೊಂಡು, ಮಡಚಿ, ಸ್ಕ್ರೂಡ್ರೈವರಿನ ಜೊತೆ ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದರು.

ಹೀಗೆ ಮೂರು ತಿಂಗಳು ನಡೆಯಿತು. ಒಂದೇ ತೇಪೆಯಲ್ಲಿ ಎರಡು ಕೆಲಸ ಇದೆ, ಬೇರೆ ಬೇರೆ ಮಾಡಿ ಅಂದರು ಗುರು, ಭಾವ ಮಾಡಿದರು. ಇತ್ತ ಅಕ್ಕನ ನಡುಕ ಏರುತ್ತಿತ್ತು. ನಾನೂರು ಸಾಲದೆ ಐನೂರು, ಐನೂರು ಸಾಲದೆ ಏಳುನೂರು ಮಾಡಬೇಕಾಯಿತು. ಅಂಕಿ ಏರಿದಷ್ಟೂ ಮಾತು ನಿಧಾನ. ಹಾಲು ಅಂತ ಬರೆಯಲು ಎರಡು ನಿಮಿಷ.

ಆಗ ಗುರು ಒಂದು ಪ್ರಶ್ನೆ ಕೇಳಿದರು. ಈ ಅಂಕಿಗೆ ಒಂದು ಮೇಲ್ಮಿತಿ ಇರಬೇಕು. ಇಲ್ಲದಿದ್ದರೆ ಯಾರಾದರೂ ಕೈತಪ್ಪಿ ದೊಡ್ಡ ಅಂಕಿ ಹಾಕಿದರೆ ಸ್ವಿಚ್ಚು ಮತ್ತೆ ಸಾಯುತ್ತದೆ. ಎಷ್ಟಿಡುತ್ತೀರಿ?

"ಸಾವಿರದ ಐನೂರು ಅಂತ ಬರಿ," ಅಂದರು ಭಾವ.

"ಯಾಕೆ ಅಷ್ಟೇ ಅಂತ ಕೇಳ್ತಾರೆ ಭಾವ, ಅವರು ಸುಮ್ಮನೆ ಬಿಡೋರಲ್ಲ."

"ಸಾಕು ಅಂತ ಬರಿ." ಆಮೇಲೆ ದನಿ ತಗ್ಗಿಸಿ, "ಈಗ ಏಳುನೂರು ಇದೆ. ಅದರ ಎರಡರಷ್ಟಕ್ಕಿಂತ ಮೇಲೆ ಹೋಗಲ್ಲ ಅವಳು," ಅಂದರು. ಹೋಗಲ್ಲ ಅಂತ ಯಾರು ಹೇಳಿದ್ದರು? ಅದಕ್ಕಿಂತ ದೊಡ್ಡ ಅಂಕಿಯನ್ನು ತನ್ನ ಕೈಯಾರೆ ಬರೆಯಲು ಅವರಿಗೆ ಮನಸ್ಸು ಬರಲಿಲ್ಲ, ಅಷ್ಟೇ. ನಾನು ಇದನ್ನು ಆಗಲೇ ಅರ್ಥಮಾಡಿಕೊಂಡೆ. "ಅನುಭವದಿಂದ" ಅಂತ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಎಲ್ಲವನ್ನೂ ಕೆದಕುವ ಗುರು ಅದೊಂದನ್ನು ಕೆದಕಲಿಲ್ಲ.

ಕೊನೆಗೆ ಉಳಿದದ್ದು ಸಹಾಯದ ಪುಟ. ಈ ಹೊಸ ಸವಲತ್ತು ಏನು ಅಂತ ಹಾಸಿಗೆಯಲ್ಲಿರುವವರಿಗೆ ಅರ್ಥವಾಗುವಂತೆ ಎರಡು ಸಾಲು ಬರೆಯಿರಿ, ಪ್ರೋಗ್ರಾಂ ಬರೆಯುವವರ ಭಾಷೆ ಬೇಡ ಅಂದರು ಗುರು. ನಾನು ಬರೆದದ್ದನ್ನು ಓದಿ ಭಾವ, "ಇದು ಸರ್ಕಾರಿ ಸುತ್ತೋಲೆ ಇದ್ದ ಹಾಗಿದೆ," ಅಂದರು. ಅವರು ಬರೆದದ್ದನ್ನು ಓದಿ ನಾನು, "ಇದು ಲಿಫ್ಟಿನೊಳಗಿನ ಎಚ್ಚರಿಕೆ ಫಲಕ," ಅಂದೆ. ಅಕ್ಕ ನಮ್ಮಿಬ್ಬರನ್ನೂ ನೋಡುತ್ತಾ ಮಲಗಿದ್ದಳು. ತಾನು ಬರೆಯುತ್ತೇನೆ ಅಂದಳು. ಮೂರು ಮಧ್ಯಾಹ್ನ ತೆಗೆದುಕೊಂಡಳು.

"ಕೈ ನಡುಗಿದರೆ ಇದನು ಏರಿಸಿ. ತಪು ನಿಮದಲ."

ನಾನು ಒತ್ತುಗಳನ್ನು ಹಾಕಿ ಓದಿಕೊಂಡೆ, ಇಂಗ್ಲಿಷ್ ಮಾಡಿದೆ. ಎರಡನೇ ವಾಕ್ಯ ಆ ಸವಲತ್ತಿನ ವಿವರಣೆಯಲ್ಲ, ಬೇಕಿಲ್ಲ ಅನ್ನಿಸುತ್ತದೆ ಅಂತ ಗುರು ಬರೆದರು. ನಿಜ ಹೇಳಬೇಕೆಂದರೆ ಕರಡು ನನ್ನ ಮೇಜಿಗೆ ಬಂದಿದ್ದರೆ ನಾನೂ ಅದನ್ನು ಹೊಡೆದುಹಾಕುತ್ತಿದ್ದೆ. ಮೂರು ತಿಂಗಳಿಂದ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದ ಭಾವ ಮಾತ್ರ ಈ ಸಲ ಒಪ್ಪಲಿಲ್ಲ. "ಇದನ್ನ ತೆಗೆಯಲ್ಲ. ಬಳಸೋರೇ ಬರೆದಿರೋದು ಅಂತ ತಿಳಿಸು," ಅಂದರು. ತಿಳಿಸಿದೆ. ಹಲವು ದಿನ ಉತ್ತರ ಬರಲಿಲ್ಲ. ನಾವೂ ಎದುರುನೋಡಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಅಕ್ಕನ ಉಸಿರಾಟ ಕೆಟ್ಟಿತ್ತು.

ನಡುಕದ ಅಂಕಿ ಏರಿ ಏರಿ ಸಾವಿರದ ಐನೂರಕ್ಕೆ ಬಂದು ನಿಂತಿತ್ತು. ಆಮೇಲೆ ಅವಳ ಬರಹ ಕಲಸಿಹೋಯಿತು. ಪರದೆಯ ಮೇಲೆ ತ ತ ನ ರ ರ ಬೆ ಅಂತ ಏನೇನೋ ಬರುತ್ತಿತ್ತು. ಕೊನೆಕೊನೆಗೆ ಬುದ್ಧಿಗೂ ಮಂಕು ಕವಿಯಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಾವು ಅದನ್ನೇ ನಂಬಿದೆವು. "ಆಯಾಸ ಮಾಡ್ಕೋಬೇಡ, ಸುಮ್ನಿರು," ಅಂತ ಭಾವ ಅವಳ ಕೈಯನ್ನು ಸ್ವಿಚ್ಚಿನಿಂದ ತೆಗೆದು ತಮ್ಮ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದರು; ಅವರಿಲ್ಲದಾಗ ನಾನೂ ಹಾಗೇ ಮಾಡಿದೆ. ಅವಳು ಕಣ್ಣನ್ನು ಪರದೆಯ ಕಡೆಗೆ, ಸ್ವಿಚ್ಚಿನ ಕಡೆಗೆ ಹೊರಳಿಸುತ್ತಿದ್ದಳು. ಮತ್ತೆ ಇಟ್ಟರೆ ಮತ್ತೆ ಅದೇ ತ ತ ರ. ಒಂಬತ್ತು ದಿನ ಹೀಗಾಯಿತು. ಮಂಗಳವಾರ ಮಧ್ಯಾಹ್ನ ಅಕ್ಕ ಹೋದಳು. ಭಾವ ಪಕ್ಕದಲ್ಲೇ ಇದ್ದರು, ನಾನು ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದೆ.

ಆ ವಾರದ ಕೊನೆಗೆ ಗುರುವಿನ ಉತ್ತರ ಬಂದಿತ್ತು. ನಾವು ಅದನ್ನು ನೋಡಿದ್ದು ಇಪ್ಪತ್ತು ದಿನದ ಮೇಲೆ. "ಎರಡನೇ ವಾಕ್ಯ ಇರಲಿ. ಒಪ್ಪಿದೆ. ಸೇರಿಸುವ ಮುಂಚೆ ಒಂದೇ ಒಂದು: ಈ ಕಡೆಯ ರೂಪವನ್ನು ನಿಮ್ಮ ಮನೆಯವರು ಬಳಸಿ ನೋಡಿದರೇ? ಅವರ ಒಪ್ಪಿಗೆ ತಿಳಿಸಿ."

ಭಾವ ಪರದೆಯಿಂದ ಕಣ್ಣು ತೆಗೆದು ಅಕ್ಕ ಮಲಗುತ್ತಿದ್ದ ಕಡೆ ನೋಡಿದರು. ಬಾಡಿಗೆಗೆ ತಂದಿದ್ದ ಆಸ್ಪತ್ರೆ ಮಂಚ ವಾಪಸು ಹೋಗಿತ್ತು. ಅದಿದ್ದ ಕಡೆ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಉಳಿದಿತ್ತು.

"ಏನಂತ ಬರೀಲಿ ಭಾವ?"

"ಇದ್ದದ್ದನ್ನ ಬರಿ."

"ಪರೀಕ್ಷಿಸಲು ಆಗಲಿಲ್ಲ. ಪರೀಕ್ಷಿಸುತ್ತಿದ್ದವರು ತೀರಿಕೊಂಡರು," ಅಂತ ಬರೆದೆ. ಕರಡು ತಿದ್ದುವ ನನ್ನ ಕೈಯಿಂದಲೇ ಅದರಲ್ಲಿ ಎರಡು ಕಾಗುಣಿತದ ತಪ್ಪಾಗಿತ್ತು, ಕಳಿಸಿದ ಮೇಲೆ ನೋಡಿದೆ.

ಗುರು ದೊಡ್ಡ ಪತ್ರ ಬರೆಯಲಿಲ್ಲ. ಅವರ ಸ್ವಭಾವವೇ ಹಾಗೆ. ದುಃಖ ತಿಳಿಸಿ, ಅಕ್ಕನ ಹೆಸರನ್ನು ಪರೀಕ್ಷಿಸಿದವರು ಅಂತ ತೇಪೆಯ ಜೊತೆ ಸೇರಿಸಬಹುದೇ ಅಂತ ಕೇಳಿದರು. ಸೇರಿಸಿ ಅಂದೆವು. ಕಡೆಯ ಪರೀಕ್ಷೆಗೆ ಬೇರೆ ಯಾರನ್ನಾದರೂ ಕೇಳುತ್ತೇನೆ, ಅವಸರ ಇಲ್ಲ ಅಂದರು. ಒಂದು ತಿಂಗಳಿಗೆ ಬೇರಾವುದೋ ದೇಶದ ಒಬ್ಬರಿಂದ ಟಿಪ್ಪಣಿ ಬಂತು. ಅವರಿಗೂ ಇದೇ ಕಾಯಿಲೆ. ಅವರೇ ಒಂದು ಬೆರಳಲ್ಲಿ ಬರೆದದ್ದು: "ಚೆನ್ನಾಗಿದೆ. ಸಾವಿರದ ಐನೂರು ನನಗೆ ಸಾಲದು. ಎರಡು ಸಾವಿರದ ಆರುನೂರು ಬೇಕು. ಅದಕ್ಕಿಂತ ಕಡಿಮೆ ಇಟ್ಟರೆ ಅಕ್ಷರ ಕಲಸಿಹೋಗುತ್ತವೆ. ನೋಡುವವರು ನನಗೆ ಬುದ್ಧಿ ಕೆಟ್ಟಿದೆ ಅಂದುಕೊಳ್ಳುತ್ತಾರೆ."

ನಾನು ಓದಿ ಮುಗಿಸುವುದರೊಳಗೆ ಅಕ್ಕನ ತ ತ ರ ಕಣ್ಣ ಮುಂದೆ ಬಂತು. ಭಾವನ ಕಡೆ ನೋಡುವ ಧೈರ್ಯವಾಗಲಿಲ್ಲ. ಅವರು ಎದ್ದು ಅಂಗಳಕ್ಕೆ ಹೋಗಿ, ನಲ್ಲಿ ತಿರುಗಿಸಿ, ಕೈ ತೊಳೆದರು. ಕೈಯಲ್ಲಿ ಕೊಳೆ ಏನೂ ಇರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವರು ಆ ಒಂಬತ್ತು ದಿನದ ದಿನಚರಿ ತೆರೆದುಕೊಂಡು ಕೂತರು. ಒತ್ತಿದ ಪ್ರತಿ ಸಲದ್ದೂ ಸಮಯ ಅದರಲ್ಲಿತ್ತು. ಎರಡು ಸಾವಿರದ ಆರುನೂರು ಅಂತ ಇಟ್ಟು, ನಡುಕವನ್ನೆಲ್ಲ ಕಳೆದು, ಉಳಿದ ಒತ್ತುಗಳಿಂದ ಅಕ್ಷರ ಕಟ್ಟಲು ನೋಡಿದರು. ನಾನು ಹಾಳೆ ಪೆನ್ನು ಹಿಡಿದು ಪಕ್ಕದಲ್ಲಿ ಕೂತೆ. ಕರಡಿನಲ್ಲಿ ಉದುರಿಹೋದ ಅಕ್ಷರಗಳನ್ನು ಊಹಿಸಿ ತುಂಬುವುದು ನನಗೆ ನೀರು ಕುಡಿದಷ್ಟು ಸಲೀಸು. ಮಧ್ಯಾಹ್ನದ ಹೊತ್ತಿಗೆ ಒಂದು ನೀ ಸಿಕ್ಕಿತು, ಒಂದು ವು ಸಿಕ್ಕಿತು. ನೀವು ಇರಬಹುದೇ ಅಂದೆ. ನಡುವೆ ಹನ್ನೆರಡು ಒತ್ತುಗಳ ಅಂತರ ಇತ್ತು.

ಭಾವ ತಲೆಯಾಡಿಸಿದರು. "ಇಲ್ಲ. ಸುಮ್ನೆ ನಮ್ಮನ್ನ ನಾವೇ ಏಮಾರಿಸಿಕೊಳ್ತಿದೀವಿ. ಅವಳ ಕಣ್ಣೆದುರಿಗೆ ಕಾಣ್ತಿದ್ದದ್ದು ಆಗಿನ ಪರದೆ, ತಪ್ಪು ಸಾಲು ಬೆಳಗ್ತಿದ್ದ ಪರದೆ. ಅದನ್ನ ನೋಡ್ಕೊಂಡು ಸರಿ ಮಾಡೋಕೆ ಒತ್ತಿದಾಳೆ, ಅದೂ ಕೆಟ್ಟಿದೆ. ಇದರಿಂದ ಏನೂ ಹೊರಡಲ್ಲ." ದಿನಚರಿ ಮುಚ್ಚಿದರು. "ಏನೋ ಹೇಳ್ತಿದ್ದಳು. ಅಷ್ಟು ಗೊತ್ತಾಯ್ತು."

ಆಮೇಲೆ ಅವರು ಅತ್ತರು. ಮೂವತ್ತು ವರ್ಷದಲ್ಲಿ ನಾನು ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ. ನಾನು ಸಮಾಧಾನ ಮಾಡಲಿಲ್ಲ. ಮಾಡಲು ನನ್ನ ಬಳಿಯೂ ಏನೂ ಇರಲಿಲ್ಲ. ಅವಳ ಕೈಯನ್ನು ಸ್ವಿಚ್ಚಿನಿಂದ ತೆಗೆದವರಲ್ಲಿ ನಾನೂ ಒಬ್ಬಳು.

ಸಂಜೆ ಅವರೇ ಕರೆದರು. "ಬಾಮ್ಮ, ಆ ಟಿಪ್ಪಣಿ ಬರೆದವರಿಗೆ ಉತ್ತರ ಕೊಡಬೇಕು." ಮೇಲ್ಮಿತಿಯನ್ನು ಹತ್ತು ಸಾವಿರ ಮಾಡಿದ್ದರು. ಅಂಕಿ ಕೈತಪ್ಪಿ ದೊಡ್ಡದಾದರೆ ಸ್ವಿಚ್ಚು ಸಾಯದಂತೆ ಇನ್ನೊಂದು ದಾರಿಯನ್ನೂ ಮಾಡಿದ್ದರು: ಒಂದೇ ಸಮ ಇಪ್ಪತ್ತು ಸೆಕೆಂಡು ಒತ್ತಿ ಹಿಡಿದರೆ ಅಂಕಿ ಎಷ್ಟೇ ಇರಲಿ, ಗಂಟೆ ಬಾರಿಸುತ್ತದೆ. ನನ್ನಿಂದ ಹೀಗೆ ಬರೆಸಿದರು: "ನೀವು ಹೇಳಿದ್ದು ಸರಿ. ಸಾವಿರದ ಐನೂರು ಅನ್ನುವುದಕ್ಕೆ ಯಾವ ಆಧಾರವೂ ಇರಲಿಲ್ಲ. ಅನುಭವ ಅಂತ ಬರೆದದ್ದು ಸುಳ್ಳು. ನಾನು ಹಾಗೆ ಆಸೆಪಟ್ಟಿದ್ದೆ, ಅಷ್ಟೇ. ಸರಿಪಡಿಸಿದ್ದೇನೆ."

ಗುರು ಇನ್ನೂ ಎರಡು ಆಕ್ಷೇಪ ಎತ್ತಿದರು. ಒಂದು ಕಡೆ ಸಾಲು ಸರಿಯಾಗಿ ಜೋಡಿಸಿಲ್ಲ, ಇನ್ನೊಂದು ಕಡೆ ಒಂದು ಹೆಸರು ಗೊಂದಲವಾಗಿದೆ. ಭಾವ ಎರಡನ್ನೂ ತಿದ್ದಿದರು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ತೇಪೆ ಒಳಗೆ ಸೇರಿತು ಅಂತ ಪತ್ರ ಬಂತು. ನಾನು ಮುದ್ರಣಾಲಯದಲ್ಲಿದ್ದೆ. ಭಾವನಿಗೆ ಫೋನ್ ಮಾಡಿದೆ. ಆ ಕಡೆ ಯಾರೋ ಕಬ್ಬಿಣದ ಬಾಗಿಲು ತಟ್ಟುವ ಸದ್ದು ಕೇಳುತ್ತಿತ್ತು.

"ಸೇರಿಸಿದಾರೆ ಭಾವ. ಅಕ್ಕನ ಹೆಸರೂ ಇದೆ, ನಮ್ಮ ಅಕ್ಷರದಲ್ಲೇ."

"ಹೂಂ," ಅಂದರು. "ಹೆಸರಿಗೆ ಒತ್ತು ಸರಿಯಾಗಿ ಹಾಕಿದಾರಾ?"

"ಹಾಕಿದಾರೆ. ನೋಡಿದೆ."

"ಸರಿ. ಇಲ್ಲಿ ಎರಡನೇ ಮೂರನೇ ಮಹಡಿ ಮಧ್ಯೆ ಇಬ್ಬರು ಸಿಕ್ಕಿಹಾಕಿಕೊಂಡಿದಾರೆ. ಅದರಲ್ಲಿ ಒಬ್ಬರಿಗೆ ವಯಸ್ಸಾಗಿದೆ, ಗಾಬರಿಯಾಗಿದಾರೆ. ಆಮೇಲೆ ಮಾತಾಡ್ತೀನಿ," ಅಂದರು. ಫೋನ್ ಇಡುವ ಮುಂಚೆ ಅವರು ಬಾಗಿಲಿನ ಸಂದಿಗೆ ಬಾಯಿಟ್ಟು, "ಕೇಳಿಸ್ತಿದೆ ಅಜ್ಜಿ, ಬಂದೆ, ಇಲ್ಲೇ ಇದೀನಿ," ಅಂತ ಹೇಳಿದ್ದು ನನಗೂ ಕೇಳಿಸಿತು.